ರೋಗನಿರೋಧಕ ಕೋಶಗಳ ಕಿಣ್ವಗಳು ಹಾಗೂ ಕ್ಯಾನ್ಸರ್ ಕೋಶಗಳ ನಾಶ – ಸಾರ್ವಜನಿಕ ಮಾಹಿತಿ

ಪೀಠಿಕೆ
ದೋಷಯುಕ್ತ ಜೀವಕೋಶಗಳನ್ನು ಗುರುತಿಸಿ ನಾಶಪಡಿಸುವ ವ್ಯವಸ್ಥೆಯು ಮಾನವ ದೇಹದಲ್ಲಿಯೇ ಇರುತ್ತದೆ. ಈ ಕಾರ್ಯವನ್ನು ಮುಖ್ಯವಾಗಿ ಬಿಳಿ ರಕ್ತಕಣಗಳ ಗುಂಪಿಗೆ ಸೇರಿದ ಮಾರಕ ಟಿ ಕೋಶಗಳು ಹಾಗೂ ಎನ್‌ಕೆ ಕೋಶಗಳು ನಿರ್ವಹಿಸುತ್ತವೆ. ‘ಗ್ರಾನ್‌ಜೈಮ್’ ಎಂಬ ಕಿಣ್ವಗಳು ಇವುಗಳ ಪ್ರಮುಖ ಆಯುಧಗಳಾಗಿವೆ.

ಕಾರ್ಯವಿಧಾನ
1. ಮಾರಕ ಕೋಶವು ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು, ತನ್ನಲ್ಲಿ ಸಂಗ್ರಹವಾಗಿರುವ ಪರ್ಫೊರಿನ್ ಮತ್ತು ಗ್ರಾನ್‌ಜೈಮ್‌ಗಳನ್ನು ಬಿಡುಗಡೆ ಮಾಡುತ್ತದೆ.
2. ಪರ್ಫೊರಿನ್ ಕ್ಯಾನ್ಸರ್ ಕೋಶದ ಪೊರೆಯಲ್ಲಿ ರಂಧ್ರಗಳನ್ನು ಉಂಟುಮಾಡುತ್ತದೆ, ಗ್ರಾನ್‌ಜೈಮ್‌ಗಳು ಒಳಪ್ರವೇಶಿಸುತ್ತವೆ.
3. ಗ್ರಾನ್‌ಜೈಮ್ ಬಿ, ಆ ಕೋಶದಲ್ಲಿಯೇ ಸುಪ್ತವಾಗಿರುವ ಕ್ಯಾಸ್ಪೇಸ್ ಕಿಣ್ವಗಳನ್ನು ಸಕ್ರಿಯಗೊಳಿಸುತ್ತದೆ.
4. ಡಿಎನ್‌ಎ ತುಂಡಾಗಿ ಕೋಶವು ಕುಗ್ಗಿ ಸಾಯುತ್ತದೆ. ಅವಶೇಷಗಳನ್ನು ಇತರ ಕೋಶಗಳು ನುಂಗುತ್ತವೆ. ಮಾರಕ ಕೋಶವು ಮುಂದಿನ ಗುರಿಯತ್ತ ಸಾಗುತ್ತದೆ.

ಗ್ರಾನ್‌ಜೈಮ್ ಎ, ಗ್ಯಾಸ್‌ಡರ್ಮಿನ್ ಬಿ ಎಂಬ ಪ್ರೋಟೀನನ್ನು ಕತ್ತರಿಸಿ ಕೋಶವು ಉಬ್ಬಿ ಒಡೆಯುವಂತೆಯೂ ಮಾಡಬಲ್ಲದೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ.

ಮಿತಿಗಳು
ಅನೇಕ ಕ್ಯಾನ್ಸರ್ ಕೋಶಗಳು ತಮ್ಮ ಗುರುತನ್ನು ಮರೆಮಾಚುತ್ತವೆ ಅಥವಾ ಟಿ ಕೋಶಗಳ ಚಟುವಟಿಕೆಗೆ ತಡೆಯೊಡ್ಡುತ್ತವೆ. ಆದುದರಿಂದ ಬೆಳೆದ ಗಡ್ಡೆಯು ತಾನಾಗಿಯೇ ಕರಗುವುದೆಂದು ಕಾಯುವುದು ಅಪಾಯಕರ. ರೋಗನಿರೋಧಕ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಮಾರಾಟ ಮಾಡಲಾಗುವ ಪುಡಿ, ಕಷಾಯಗಳು ಕ್ಯಾನ್ಸರ್ ಚಿಕಿತ್ಸೆಗೆ ಪರ್ಯಾಯವಲ್ಲ.

ಚಿಕಿತ್ಸೆಯಲ್ಲಿ ಬಳಕೆ
ಟಿ ಕೋಶಗಳ ಮೇಲಿನ ತಡೆಯನ್ನು ನಿವಾರಿಸುವ ವಿಧಾನದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ದೊರೆಯಿತು. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ ಮರಳಿ ನೀಡುವುದು ಇನ್ನೊಂದು ವಿಧಾನ. ಮುಂಬಯಿಯ ಐಐಟಿ ಹಾಗೂ ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡ ಇಂತಹ ‘ನೆಕ್ಸ್‌ಕಾರ್19’ ಚಿಕಿತ್ಸೆಗೆ 2023ರಲ್ಲಿ ಕೇಂದ್ರದ ಅನುಮೋದನೆ ದೊರೆತಿದೆ. ಇದು ಕೆಲವು ರಕ್ತ ಕ್ಯಾನ್ಸರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು
• ಮಿರ್ಜಾನ ಸೇರಿದಂತೆ ಕರಾವಳಿಯ ಗ್ರಾಮಗಳಲ್ಲಿ ಕವಳ ಹಾಕುವ ರೂಢಿಯಿದೆ. ತಂಬಾಕು ಮತ್ತು ಅಡಿಕೆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಿದೆ.
• ಎರಡು ವಾರಗಳಲ್ಲಿ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಸ್ತನದಲ್ಲಿ ಗಂಟು, ಅಸಹಜ ರಕ್ತಸ್ರಾವ ಕಂಡುಬಂದಲ್ಲಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಕುಮಟಾ ತಾಲೂಕು ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು.
• 30 ವರ್ಷ ಮೇಲ್ಪಟ್ಟವರು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಪ್ರಯೋಜನ ಪಡೆಯಬಹುದು.
• ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸೌಲಭ್ಯವಿದೆ. ತೆರಳುವಾಗ ಆಧಾರ್, ಪಡಿತರ ಚೀಟಿ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಗಿರಿಸಿಕೊಳ್ಳುವುದು.