ಕೈಗುಣ

ನಮ್ಮ ಬಾಗಲಕೋಟೆ ಕಡೆ ಡಾಕ್ಟರರನ್ನು ಹೊಗಳುವಾಗ ಅವರು ಎಷ್ಟು ಓದಿದ್ದಾರೆ, ಎಲ್ಲಿ ಓದಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ‘ಅವರ ಕೈಗುಣ ಭಾಳ ಚಲೋ ಐತ್ರಿ’ ಅಂದರೆ ಮುಗಿಯಿತು. ಹುನಗುಂದದಿಂದಲೋ ಬಾದಾಮಿಯಿಂದಲೋ ಜ್ವರದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಿ ಆ ಒಂದು ಮಾತನ್ನು ನಂಬಿ ನವನಗರದಲ್ಲಿ ಬಸ್ಸು ಇಳಿಯುತ್ತಾಳೆ.

ಈ ಪದದ ಸಂಸಾರ ದೊಡ್ಡದು. ಕೈಗುಣ ಇದ್ದವರು ಬೋಣಿಗೆ ಮಾಡಲಿ ಎಂದು ಇಳಕಲ್ಲಿನ ಸೀರೆ ಅಂಗಡಿಯವರು ಕಾಯುತ್ತಾರೆ. ಕೆಡದಂತೆ ಉಪ್ಪಿನಕಾಯಿ ಹಾಕುವ ಅಜ್ಜಿಗೆ, ಕೂರಿಗೆ ಹಿಡಿವ ರೈತನಿಗೆ, ಹಳೆಯ ಸೂಲಗಿತ್ತಿಯರಿಗೆ ಸಂದ ಮಾತು ಇದೇ. ಗುಣ ಎಂದರೆ ಸ್ವಭಾವ, ಗುಣವಾಗುವುದೆಂದರೆ ವಾಸಿಯಾಗುವುದು. ವೈದ್ಯರ ಕೈಗೆ ಬಂದಾಗ ಪದ ಎರಡೂ ಹೊರೆ ಹೊರುತ್ತದೆ. ಇದರ ದಾಯಾದಿ ‘ಕಾಲ್ಗುಣ’ ಮಾತ್ರ ಕೆಟ್ಟದ್ದು. ಕೂಸಿಗೆ ಜಡ್ಡಾದರೂ ಅದು ಬೀಳುವುದು ಸೊಸೆಯ ತಲೆಗೇ. ಆ ಪದ ಸತ್ತರೆ ನಾನಂತೂ ಅಳುವುದಿಲ್ಲ.

ನನ್ನ ಮಗಳು ನ್ಯುಮೋನಿಯಾದಿಂದ ಮಲಗಿದಾಗ ಡಾಕ್ಟರರು ಔಷಧ ಬರೆದು ಹೋದರು. ಅದು ಮೈಯೊಳಗೆ ಇಳಿಯಬೇಕಲ್ಲ? ಅತ್ತು ಅತ್ತು ಬಾಡಿದ ಕೂಸಿನ ಕೈಯಲ್ಲಿ ನರವೇ ಸಿಗದು. ರಾತ್ರಿ ಪಾಳಿಯ ಸಿಸ್ಟರ್ ರಬ್ಬರ್ ಪಟ್ಟಿ ಬಿಗಿದು, ಪುಟ್ಟ ಮುಂಗೈಯನ್ನು ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ತಡವಿ ತಡವಿ, ಒಂದೇ ಸಲಕ್ಕೆ ಸೂಜಿ ಏರಿಸಿದರು. ಅಲುಗದಂತೆ ಕೆಳಗೆ ರಟ್ಟಿನ ತುಂಡಿಟ್ಟು ಟೇಪು ಸುತ್ತಿದರು. ‘ಅಳಬ್ಯಾಡ್ರಿ ಅಕ್ಕಾರ, ನೀವ ಅತ್ರ ಕೂಸು ಅಂಜತೈತಿ’ ಎಂದು ನನ್ನನ್ನೇ ಗದರಿದರು. ಕೈಗುಣ ಅಂದರೆ ನನಗೆ ಇಂದಿಗೂ ಆ ಬೆರಳ ತುದಿ.

ಇದರಲ್ಲಿ ಪವಾಡವಿಲ್ಲ, ರೂಢಿ ಇದೆ. ಅದಕ್ಕೊಂದು ಹಳೆಯ ಸಾಕ್ಷಿ ಇದೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಡಾಕ್ಟರರ ವಾರ್ಡಿನಲ್ಲಿ ಬಾಣಂತಿಯರ ಸಾವು ಹೆಚ್ಚು, ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಡಾಕ್ಟರರ ವಾರ್ಡು ಬೇಡ ಎಂದು ಬಸುರಿಯರು ಮೊಣಕಾಲೂರಿ ಬೇಡುತ್ತಿದ್ದರು. ನಮ್ಮವರಾಗಿದ್ದರೆ ಸೂಲಗಿತ್ತಿಯರ ಕೈಗುಣ ಎನ್ನುತ್ತಿದ್ದರು. ಡಾಕ್ಟರರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರೆಂಬುದನ್ನು ಅಲ್ಲಿಯದೇ ಡಾಕ್ಟರ್ ಇಗ್ನಾಜ್ ಸೆಮೆಲ್‌ವೈಸ್ ಕಂಡುಕೊಂಡ. 1847ರಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ. ಸಾವು ಸರ್ರನೆ ಇಳಿಯಿತು.

ಇತ್ತ ನಮ್ಮ ಬಾಗಲಕೋಟೆಯ ಬಿ.ವಿ.ವಿ. ಸಂಘದ ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರ ಸ್ವಾಮಿಗಳ ಹೆಸರು. 1909ರಲ್ಲಿ ಬಾದಾಮಿ ಸೀಮೆಯ ಮಲಪ್ರಭೆ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದವರು ಅವರು. ‘ಕೂಸಿನ್ನ ಕುಮಾರೇಶ್ವರಕ್ಕ ಒಯ್ದೇವ್ರಿ’ ಎಂದು ಹಳ್ಳಿಯವರು ಹೇಳಿದರೆ ಹೊಸಬರಿಗೆ ಗುಡಿಗೋ ಆಸ್ಪತ್ರೆಗೋ ತಿಳಿಯದು. ಕೂಸು ಚೇತರಿಸಿಕೊಂಡ ಮೇಲೆ ಬನಶಂಕರಿಯ ಹರಕೆಯೂ ತೀರುತ್ತದೆ, ಡಾಕ್ಟರರಿಗೆ ‘ನಿಮ್ಮ ಉಪಕಾರ ಈ ಜನ್ಮದಾಗ ತೀರಂಗಿಲ್ರಿ’ ಎಂಬ ಮಾತೂ ಸಲ್ಲುತ್ತದೆ. ಸಲ್ಲಲಿ. ಆದರೆ ನಡುರಾತ್ರಿ ಇಳಕಲ್ಲಿನಿಂದ 108 ಗಾಡಿ ಓಡಿಸಿಕೊಂಡು ಬಂದವನ ಕೈಗೂ ಗುಣವಿದೆ, ವಾರ್ಡು ಒರೆಸುವ ಆಯಾಳ ಕೈಗೂ ಇದೆ. ಅವರಿಗೆ ಈ ಪದ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಬಿಡುಗಡೆಯ ದಿನ ಅಮೀನಗಡದ ಕರದಂಟು ಹಂಚುವವರಿದ್ದರೆ ರಾತ್ರಿ ಪಾಳಿಯವರ ಪಾಲನ್ನು ಎತ್ತಿಡಿ. ಮತ್ತೆ, ಮಕ್ಕಳ ವಾರ್ಡಿಗೆ ಮಾತಾಡಿಸಲು ಹೋದವರು ಕೂಸನ್ನು ಮುಟ್ಟುವ ಮೊದಲು ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಿ.