ಬಸುರಿಯ ಇಸುಬು: 'ತಡಕೋ' ಎಂಬ ಮಾತಿನ ಚರಿತ್ರೆ

ದಾವಣಗೆರೆ, ಹರಿಹರದ ಸೀಮೆಯಲ್ಲಿ ಚರ್ಮ ತುರಿಸಿ, ಗುಳ್ಳೆಯೆದ್ದು ನೀರು ಒಸರಿದರೆ ಅದನ್ನು ಇಸುಬು ಎನ್ನುತ್ತೇವೆ. ಬಸುರಿಗೆ ಅದು ಬಂದರೆ ಹಿರಿಯರು ನಂಜೆಂದು ಬದನೆಕಾಯಿ ಬಿಡಿಸಿ, ಬೇವಿನೆಲೆ ಕುದಿಸಿದ ನೀರು ಹೊಯ್ಯುತ್ತಿದ್ದರು. ಆಮೇಲೆ ಉಳಿಯುತ್ತಿದ್ದುದು ಒಂದೇ ಮಾತು: 'ಹೆತ್ತ ಮೇಲೆ ಹೋಗುತ್ತದೆ, ತಡಕೋ.' ನಾನು ಬಾಲ್ಯದಿಂದ ಕೇಳಿದ ಈ ಮಾತಿಗೂ ಒಂದು ಚರಿತ್ರೆಯಿದೆ.

ರೋಗವೇನೂ ಹೊಸದಲ್ಲ. ತುರಿಕೆ, ಕಪ್ಪುಛಾಯೆಯ ಗುಳ್ಳೆ, ಹೇರಳ ಸ್ರಾವವುಳ್ಳ 'ವಿಚರ್ಚಿಕೆ'ಯನ್ನು ಚರಕಸಂಹಿತೆ ವರ್ಣಿಸಿದೆ. ಆದರೆ ಕುಷ್ಠದ ಭೇದಗಳಲ್ಲಿ ಎಣಿಸಿದೆ. ಅಲ್ಲಿ ಕುಷ್ಠವೆಂದರೆ ಚರ್ಮರೋಗಗಳ ದೊಡ್ಡ ಗುಂಪು. ಜನರ ಬಾಯಲ್ಲಿ ಆ ಶಬ್ದಕ್ಕೆ ಬೇರೆಯೇ ಭಯ ಅಂಟಿಕೊಂಡಿತು. ವಾಸ್ತವದಲ್ಲಿ ಇಸುಬು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ.

1952ರಲ್ಲಿ ಅಮೆರಿಕದ ವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟನ್, ಇಂದು ಹೈಡ್ರೋಕಾರ್ಟಿಸೋನ್ ಎನ್ನುವ ಔಷಧದ ಮುಲಾಮು ಇಸುಬನ್ನು ಶಮನಗೊಳಿಸುವುದನ್ನು ತೋರಿಸಿದರು. ಬಸುರಿಯರಿಗೂ ಆಸೆ ಮೂಡಬೇಕಿದ್ದ ಕಾಲವದು. ಅಷ್ಟರಲ್ಲಿ ಥಾಲಿಡೊಮೈಡ್ ದುರಂತ ನಡೆಯಿತು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು 1961ರಲ್ಲಿ ಹಿಂತೆಗೆಯಲಾದ ಆ ಮಾತ್ರೆಯಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಡನೆ ಹುಟ್ಟಿದವು. ಗರ್ಭಿಣಿಗೆ ಔಷಧ ಕೊಡುವಾಗ ಎಚ್ಚರ ಬೇಕೆಂಬುದನ್ನು ಲೋಕ ಕಲಿತದ್ದು ನ್ಯಾಯವೇ. ಆದರೆ ಆ ಭಯ ನಿರಪಾಯದ ಮುಲಾಮನ್ನೂ ಬಿಡಿಸಿತು.

1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಹರಿಹರದವರಿಗೂ ವೈದ್ಯವಿದ್ಯೆಯ ಕೇಂದ್ರವೊಂದು ಹತ್ತಿರವಾಯಿತು. 2006ರಲ್ಲಿ ಯುರೋಪಿನ ತಜ್ಞರು ಗರ್ಭಕಾಲದ ಚರ್ಮರೋಗಗಳನ್ನು ಮರುವಿಂಗಡಿಸಿದಾಗ, ಅವುಗಳಲ್ಲಿ ಇಸುಬಿನ ಜಾತಿಯದೇ ಅತಿ ಸಾಮಾನ್ಯವೆಂದೂ, ಬಹುತೇಕರಿಗೆ ಅದು ಬಸುರಿನಲ್ಲೇ ಮೊದಲು ಕಾಣುವುದೆಂದೂ ತಿಳಿಯಿತು. ಮಗುವನ್ನು ಉಳಿಸಿಕೊಳ್ಳಲು ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ರೀತಿಯನ್ನು ಬದಲಿಸಿಕೊಳ್ಳುತ್ತದೆ. ಇಸುಬು ಕೆರಳಲು ಆ ಬದಲಾವಣೆಯೇ ಕಾರಣವೆಂದು ತಜ್ಞರ ಅಭಿಪ್ರಾಯ. ಪಾಪ, ಬದನೆಕಾಯಿಯನ್ನು ದೂರಿ ಫಲವಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರಿನ ಅಲ್ಪ ಸ್ನಾನ. ಮೈ ಪೂರ್ತಿ ಆರುವ ಮೊದಲೇ ವಾಸನೆಯಿಲ್ಲದ ಮುಲಾಮಿನ ಲೇಪ. ಕಡಲೆಹಿಟ್ಟು, ಸೀಗೆಪುಡಿ ಚರ್ಮವನ್ನು ಇನ್ನಷ್ಟು ಒಣಗಿಸುತ್ತವೆ. ಹತ್ತಿಗಿರಣಿಗಳಿಂದ ಹೆಸರಾದ ನಮ್ಮೂರಿನವರಿಗೆ ಮೆತ್ತನೆಯ ಹತ್ತಿಬಟ್ಟೆಯ ಗುಣ ಹೇಳಬೇಕಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಸೌಮ್ಯ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಬಹುದು. ಅಂಗಡಿಯಲ್ಲಿ ಕೇಳಿ ತರುವ ತೀಕ್ಷ್ಣ ಮಿಶ್ರ ಮುಲಾಮು ಬೇಡ. ಮೆಥೊಟ್ರೆಕ್ಸೇಟ್ ಗರ್ಭಿಣಿಗೆ ನಿಷಿದ್ಧ.

ಗುಳ್ಳೆಯೇ ಇಲ್ಲದೆ ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಅದು ಇಸುಬಲ್ಲದೆ ಪಿತ್ತಜನಕಾಂಗದ ತೊಂದರೆಯಾಗಿರಬಹುದು, ಮಗುವಿಗೂ ಅಪಾಯ. ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಆದ್ದರಿಂದ ಮನೆಯ ಹಿರಿಯರು ಇನ್ನು 'ತಡಕೋ' ಎನ್ನದೆ, 'ನಡಿ, ಆಸ್ಪತ್ರೆಗೆ ಹೋಗೋಣ' ಎನ್ನಲಿ.