ಕೈಯಿಂದ ಕೈಗೆ: ನೆರವಿನ ಹಣ ನಡೆದು ಬಂದ ದಾರಿ

ರಮಝಾನ್ ಸಮೀಪಿಸುತ್ತಿದ್ದಂತೆ ನಮ್ಮ ಮಹಲ್ಲಾಗಳ ಸಭೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬಡವರಿಗೆ ಅಕ್ಕಿ, ಎಣ್ಣೆ, ಖರ್ಜೂರದ ಕಿಟ್ ಕೊಡೋಣವೇ, ಇಲ್ಲಾ ಹಣವನ್ನೇ ಕೈಗೆ ಕೊಡೋಣವೇ? ಹಣ ಎಂದ ಕೂಡಲೇ ಯಾರಾದರೊಬ್ಬರು ಅನುಮಾನ ಎತ್ತುತ್ತಾರೆ. ಗಂಡ ಕಿತ್ತುಕೊಂಡು ಖರ್ಚು ಮಾಡಿಯಾನು, ಮೊಬೈಲ್ ಕೊಂಡಾರು, ದುಡಿಯುವುದನ್ನೇ ಬಿಟ್ಟಾರು. ಕೊನೆಗೆ ಕಿಟ್ ಎಂದೇ ತೀರ್ಮಾನವಾಗುತ್ತದೆ. ಅಂಗಳದಲ್ಲಿ ಸಾಲು ನಿಲ್ಲುತ್ತದೆ, ಫೋಟೋ ತೆಗೆಯಲಾಗುತ್ತದೆ. ಸಾಲಿನಲ್ಲಿ ನಿಂತ ತಾಯಿಗೆ ಆ ತಿಂಗಳು ನಿಜವಾಗಿ ಬೇಕಾಗಿದ್ದದ್ದು ಅಕ್ಕಿಯೋ, ಔಷಧಿಯೋ, ಸಾಲದ ಕಂತೋ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಹೊಸದೇನಲ್ಲ. ಮದೀನಾದ ಬೈತುಲ್‌ಮಾಲ್‌ನಿಂದ ಹಿಡಿದು ನಮ್ಮ ಕಾಲದ ಹಳ್ಳಿಗಳವರೆಗೆ ಇದಕ್ಕೆ ಕೊಟ್ಟ ಉತ್ತರಗಳಿಗೊಂದು ಇತಿಹಾಸವಿದೆ. ನಾವು ಅದನ್ನು ಅರಿತು ನಿರ್ಧರಿಸುವುದು ಒಳ್ಳೆಯದು.

ಹಿಟ್ಟಿನ ಚೀಲ ಮತ್ತು ದಫ್ತರ

ಉಮರ್(ರ) ಬೆನ್ನ ಮೇಲೆ ಹಿಟ್ಟಿನ ಚೀಲ ಹೊತ್ತ ಘಟನೆ ನಮ್ಮ ಖುತ್ಬಾಗಳಲ್ಲಿ ಅದೆಷ್ಟೋ ಬಾರಿ ಕೇಳಿಬಂದಿದೆ. ಮದೀನಾದ ಹೊರಗೆ ರಾತ್ರಿ ಬೆಂಕಿ ಕಾಣಿಸಿತು. ಒಬ್ಬ ತಾಯಿ ಹಸಿದ ಮಕ್ಕಳನ್ನು ಮಲಗಿಸಲು ಬರೀ ನೀರನ್ನು ಕುದಿಸುತ್ತಿದ್ದಳು. ಖಲೀಫಾ ತಾವೇ ಹಿಟ್ಟು ಹೊತ್ತು ತಂದು, ಒಲೆ ಊದಿ, ಅಡುಗೆ ಮಾಡಿ ಮಕ್ಕಳಿಗೆ ಉಣಿಸಿದರು. ಕಥೆಯನ್ನು ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಹೊರಡುವಾಗ ಅವರು ಆ ತಾಯಿಗೆ, ಅಮೀರುಲ್ ಮೂಮಿನೀನರ ಬಳಿಗೆ ಬರುವಂತೆ ಹೇಳಿದರೆಂದೂ ವರದಿಯಲ್ಲಿದೆ. ಅಂದಿನ ರಾತ್ರಿಯ ಹಸಿವಿಗೆ ಹಿಟ್ಟು ಸಾಕು. ನಾಳೆಯ ಬದುಕಿಗೆ ಬೇಕಾದದ್ದು ಬೇರೊಂದು ವ್ಯವಸ್ಥೆ.

ಆ ವ್ಯವಸ್ಥೆಯ ಹೆಸರು ದೀವಾನ್. ಇದರ ಆರಂಭವನ್ನು ಇತಿಹಾಸಕಾರರಲ್ಲಿ ಕೆಲವರು ಹಿಜರಿ 15ಕ್ಕೆ, ಕೆಲವರು ಹಿಜರಿ 20ಕ್ಕೆ ಇಡುತ್ತಾರೆ. ವಂಶಾವಳಿ ಬಲ್ಲ ಅಕೀಲ್ ಬಿನ್ ಅಬೀತಾಲಿಬ್, ಮಖ್ರಮಾ ಬಿನ್ ನೌಫಲ್, ಜುಬೈರ್ ಬಿನ್ ಮುತ್ಇಮ್ ಅವರನ್ನು ಕೂರಿಸಿ ಉಮರ್(ರ) ಹೆಸರುಗಳನ್ನು ಬರೆಯಿಸಿದರು. ಪಟ್ಟಿ ತಮ್ಮ ಬುಡಕಟ್ಟಿನಿಂದ ಶುರುವಾಗಕೂಡದು, ಪ್ರವಾದಿ(ಸ)ಯವರ ಬಂಧುಗಳಿಂದ ಶುರುವಾಗಬೇಕು ಎಂದು ಪಟ್ಟು ಹಿಡಿದರು. ಹೆಸರು ಬರೆದವರಿಗೆ ಬೈತುಲ್‌ಮಾಲ್‌ನಿಂದ ನಿಗದಿಯಾದ ದಿರ್ಹಮ್‌ಗಳು ಸಲ್ಲುತ್ತಿದ್ದವು.

ಇದು ಕೇವಲ ಬಡವರಿಗಾಗಿ ಹುಟ್ಟಿದ ಯೋಜನೆಯಾಗಿರಲಿಲ್ಲ. ಹೊಸದಾಗಿ ಸೇರಿದ ಪ್ರಾಂತ್ಯಗಳ ಆದಾಯವನ್ನು ಹಂಚಲು ಮಾಡಿದ ಏರ್ಪಾಡು ಅದು. ಯೋಧರಿಗೆ ಹೆಚ್ಚು, ಬದ್ರ್‌ನಲ್ಲಿ ಹೋರಾಡಿದವರಿಗೆ ಇನ್ನೂ ಹೆಚ್ಚು ಎಂಬ ಶ್ರೇಣಿಯಿತ್ತು. ಅದಕ್ಕೂ ಮೊದಲು ಅಬೂಬಕರ್(ರ) ಎಲ್ಲರಿಗೂ ಸಮನಾಗಿ ಹಂಚಿದ್ದರು. ಸೇವೆಯ ಪ್ರತಿಫಲ ಅಲ್ಲಾಹನ ಬಳಿಯಿದೆ, ಇದು ಜೀವನೋಪಾಯ, ಇದರಲ್ಲಿ ಸಮಾನತೆಯೇ ಮೇಲು ಎಂಬುದು ಅವರ ನಿಲುವಾಗಿತ್ತು. ಕೊನೆಗಾಲದಲ್ಲಿ ಉಮರ್(ರ) ಕೂಡ ಆ ನಿಲುವಿನತ್ತ ವಾಲಿದ್ದರೆಂದು ವರದಿಗಳಿವೆ.

ಹಂಚಿದ ರೀತಿಯಲ್ಲೂ ನಮಗೊಂದು ಪಾಠವಿದೆ. ಮಕ್ಕಾ ಮತ್ತು ಮದೀನಾದ ನಡುವಿನ ಹಾದಿಯಲ್ಲಿ ಖುಝಾಆ ಬುಡಕಟ್ಟಿನವರು ನೆಲೆಸಿದ್ದರು. ಉಮರ್(ರ) ಆ ಬುಡಕಟ್ಟಿನ ದಫ್ತರವನ್ನು ತಾವೇ ಹಿಡಿದುಕೊಂಡು ಕುದೈದ್‌ಗೆ, ಅಲ್ಲಿಂದ ಉಸ್ಫಾನ್‌ಗೆ ಹೋಗುತ್ತಿದ್ದರು. ಮದುವೆಯಾದವರು, ಆಗದವರು ಎನ್ನದೆ ಅಲ್ಲಿನ ಸ್ತ್ರೀಯರೆಲ್ಲರಿಗೂ ಅವರ ಪಾಲನ್ನು ಅವರವರ ಕೈಗೇ ಕೊಡುತ್ತಿದ್ದರೆಂದು ಇಬ್ನು ಸಅದ್(ರ) ದಾಖಲಿಸಿದ್ದಾರೆ. ಬುಡಕಟ್ಟಿನ ಮುಖಂಡನ ಮೂಲಕವಲ್ಲ, ಗಂಡನ ಅಥವಾ ತಂದೆಯ ಮೂಲಕವೂ ಅಲ್ಲ. ಹೆಂಗಸರು ರಾಜಧಾನಿಗೆ ಬಂದು ಸಾಲು ನಿಲ್ಲಬೇಕಾಗಿರಲಿಲ್ಲ. ದಫ್ತರವೇ ಅವರ ಊರಿಗೆ ಹೋಗುತ್ತಿತ್ತು.

ಒಂದು ನಿಯಮ, ಒಂದು ಮಗುವಿನ ಅಳು

ದೀವಾನ್‌ನಲ್ಲಿ ಮಕ್ಕಳಿಗೂ ಪಾಲಿತ್ತು. ಆದರೆ ಮೊದಲಿಗೆ ಅದು ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಸಲ್ಲುತ್ತಿತ್ತು. ಒಂದು ರಾತ್ರಿ ಮದೀನಾದಲ್ಲಿ ತಂಗಿದ್ದ ವರ್ತಕರ ತಂಡಕ್ಕೆ ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕಾವಲಿದ್ದರು. ಒಂದು ಮಗು ಮತ್ತೆ ಮತ್ತೆ ಅಳುತ್ತಿತ್ತು. ತಾಯಿಯನ್ನು ವಿಚಾರಿಸಿದಾಗ, ಮೊಲೆ ಬಿಟ್ಟ ಮಗುವಿಗಷ್ಟೇ ಉಮರ್ ಹಣ ಕೊಡುತ್ತಾರೆ, ಅದಕ್ಕೇ ಹಾಲು ಬಿಡಿಸುತ್ತಿದ್ದೇನೆ ಎಂದು ಆಕೆ ಹೇಳಿದಳು. ಎದುರಿಗಿರುವವರು ಯಾರೆಂದು ಆಕೆಗೆ ತಿಳಿದಿರಲಿಲ್ಲ. ಅಂದಿನ ಫಜ್ರ್ ನಮಾಝಿನಲ್ಲಿ ಅಳುವಿನಿಂದಾಗಿ ಖಲೀಫಾರ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವೆಂದು ವರದಿಯಿದೆ. ನಮಾಝ್ ಮುಗಿದೊಡನೆ ಹೊಸ ಆಜ್ಞೆ ಹೊರಟಿತು. ಹಾಲು ಬಿಡಿಸಲು ಯಾರೂ ಆತುರ ಪಡಬಾರದು, ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಪಾಲು ಸಲ್ಲುತ್ತದೆ. ಪ್ರಾಂತ್ಯಗಳಿಗೂ ಅದನ್ನೇ ಬರೆದು ಕಳಿಸಲಾಯಿತು.

ಈ ಘಟನೆಯನ್ನು ನಾವು ಖಲೀಫಾರ ಮೃದು ಹೃದಯದ ಉದಾಹರಣೆಯಾಗಿ ಹೇಳುವುದುಂಟು. ಅದರ ಜೊತೆಗೆ ಇದು ಆಡಳಿತದ ಪಾಠವೂ ಹೌದು. ಕಚೇರಿಯಲ್ಲಿ ಬರೆದ ಒಂದು ಸಾಲು ಎಲ್ಲೋ ಒಂದು ಮಗುವಿನ ಬಾಯಿಯಿಂದ ಹಾಲನ್ನು ಕಿತ್ತುಕೊಳ್ಳಬಲ್ಲದು. ನೆರವು ಕೊಡುವವನು ತನ್ನ ಷರತ್ತು ಬಡವರ ಮನೆಯೊಳಗೆ ಏನು ಮಾಡುತ್ತಿದೆ ಎಂದು ಹೋಗಿ ನೋಡಬೇಕು. ತಪ್ಪು ಕಂಡರೆ ಬೆಳಗಾಗುವುದರೊಳಗೆ ತಿದ್ದಬೇಕು.

ಎಲ್ಲ ಕಾಲಕ್ಕೂ ಹಣವೇ ಮದ್ದೆಂದೂ ಅಲ್ಲ. ಹಿಜರಿ 18ರ ಬರಗಾಲದಲ್ಲಿ, ಇತಿಹಾಸ ಅದನ್ನು ರಮಾದಾ ವರ್ಷ ಎನ್ನುತ್ತದೆ, ಉಮರ್(ರ) ಪ್ರಾಂತ್ಯಗಳಿಂದ ಧಾನ್ಯವನ್ನೇ ತರಿಸಿದರು. ಮಾರುಕಟ್ಟೆಯಲ್ಲಿ ಕಾಳೇ ಇಲ್ಲದಾಗ ಕೈಯಲ್ಲಿರುವ ನಾಣ್ಯದಿಂದ ಏನು ಪ್ರಯೋಜನ?

ಎಷ್ಟು ಕೊಡಬೇಕು?

ಝಕಾತ್‌ನ ಹಕ್ಕುದಾರರು ಯಾರೆಂದು ಸೂರಃ ಅತ್ತೌಬಾದ 60ನೇ ಸೂಕ್ತ ಎಂಟು ವಿಭಾಗಗಳಲ್ಲಿ ತಿಳಿಸಿದೆ. ಮೊದಲ ಹೆಸರುಗಳು ಬಡವರದ್ದು ಮತ್ತು ನಿರ್ಗತಿಕರದ್ದು. ಸಾಲದ ಹೊರೆ ಹೊತ್ತವರೂ ಅದರಲ್ಲಿದ್ದಾರೆ. ಹನಫಿ ವಿದ್ವಾಂಸರು ಝಕಾತ್‌ನಲ್ಲಿ ಒಡೆತನವನ್ನು ಪಡೆಯುವವನಿಗೆ ಪೂರ್ಣವಾಗಿ ವರ್ಗಾಯಿಸಬೇಕೆಂದು ಹೇಳುತ್ತಾರೆ. ಕೂರಿಸಿ ಊಟ ಹಾಕಿದರೆ ಸಾಲದು. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ ಹಣದ ಝಕಾತನ್ನು ಹಣವಾಗಿಯೇ ಕೊಡಬೇಕು. ಫಿತ್ರ್ ಝಕಾತ್‌ನ ನಿಯಮ ಬೇರೆ. ವಿವರಗಳನ್ನು ಊರಿನ ಉಲಮಾಗಳಿಂದ ಕೇಳಿ ತಿಳಿಯಬೇಕು. ಆದರೆ ಎರಡೂ ಮದ್‌ಹಬ್‌ಗಳ ಹಿಂದಿರುವ ಭಾವ ಒಂದೇ. ಕೊಟ್ಟ ಮೇಲೆ ಅದು ಪಡೆದವನ ಸೊತ್ತು, ಅದರ ಮೇಲೆ ಕೊಟ್ಟವನ ಯಜಮಾನಿಕೆ ಉಳಿಯುವುದಿಲ್ಲ.

ಕೊಡುವುದಾದರೆ ಅಗತ್ಯ ನೀಗುವಷ್ಟು ಕೊಡಿ ಎಂಬ ಅರ್ಥದ ಉಮರ್(ರ) ಅವರ ಮಾತನ್ನು ಅಬೂ ಉಬೈದ್(ರ) ತಮ್ಮ 'ಕಿತಾಬುಲ್ ಅಮ್ವಾಲ್'ನಲ್ಲಿ ವರದಿ ಮಾಡಿದ್ದಾರೆ. ಹಿಜರಿ 676ರಲ್ಲಿ ನಿಧನರಾದ ಇಮಾಮ್ ನವವಿ(ರ) 'ಅಲ್ ಮಜ್ಮೂಅ್'ನಲ್ಲಿ ಇದನ್ನು ಲೆಕ್ಕ ಹಾಕಿ ವಿವರಿಸುತ್ತಾರೆ. ಕಸುಬು ಬಲ್ಲವನಿಗೆ ಉಪಕರಣ ಕೊಳ್ಳುವಷ್ಟು, ವ್ಯಾಪಾರ ಬಲ್ಲವನಿಗೆ ಬಂಡವಾಳದಷ್ಟು ಕೊಡಬೇಕು. ಸೊಪ್ಪು ಮಾರುವವನಿಗೆ ಐದೋ ಹತ್ತೋ ದಿರ್ಹಮ್ ಸಾಕು, ರತ್ನ ವ್ಯಾಪಾರಿಗೆ ಹತ್ತು ಸಾವಿರ ಬೇಕಾದೀತು ಎಂದು ಉದಾಹರಣೆ ಕೊಡುತ್ತಾರೆ. ಮನೆಮನೆಗೆ ನೂರು ರೂಪಾಯಿ ಹಂಚಿ, ಮುಂದಿನ ವರ್ಷ ಅದೇ ಮುಖಗಳನ್ನು ಅದೇ ಸಾಲಿನಲ್ಲಿ ಕಾಣುವ ನಮಗೆ ಈ ಮಾತು ನಾಟಬೇಕು.

ಮೆಕ್ಸಿಕೋದ ತಾಯಂದಿರು

ನಮ್ಮ ಕಾಲಕ್ಕೆ ಬರೋಣ. 1994ರ ಕೊನೆಯಲ್ಲಿ ಮೆಕ್ಸಿಕೋದ ನಾಣ್ಯವಾದ ಪೆಸೊ ಕುಸಿಯಿತು. ಆವರೆಗೆ ಸರಕಾರ ಬಡವರ ಹೆಸರಿನಲ್ಲಿ ಜೋಳದ ರೊಟ್ಟಿ, ಹಾಲಿನ ಬೆಲೆಗೆ ಸಬ್ಸಿಡಿ ಕೊಡುತ್ತಿತ್ತು. ಅದರಲ್ಲಿ ಹೆಚ್ಚಿನ ಪಾಲು ಪಟ್ಟಣಗಳಿಗೇ ಸೇರುತ್ತಿತ್ತು, ಹಳ್ಳಿಯ ಬಡವರಿಗೆ ತಲುಪುತ್ತಿದ್ದದ್ದು ಅಲ್ಪ. ಅರ್ಥಶಾಸ್ತ್ರಜ್ಞ ಸಾಂಟಿಯಾಗೋ ಲೆವಿ ಮತ್ತು ಅವರ ಸಂಗಡಿಗರು ರೂಪಿಸಿದ 'ಪ್ರೊಗ್ರೇಸಾ' ಯೋಜನೆ 1997ರಲ್ಲಿ ಆರಂಭವಾಯಿತು. ಎರಡು ತಿಂಗಳಿಗೊಮ್ಮೆ ಹಣ ನೇರವಾಗಿ ತಾಯಿಯ ಕೈಗೆ ಹೋಗುತ್ತಿತ್ತು. ಮಕ್ಕಳು ಶಾಲೆಗೆ ಹೋಗಬೇಕು, ಮನೆಯವರು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು ಎಂಬುದು ಷರತ್ತು. ಹೆಣ್ಣು ಮಕ್ಕಳು ಪ್ರಾಥಮಿಕ ಹಂತದ ನಂತರ ಹೆಚ್ಚಾಗಿ ಶಾಲೆ ಬಿಡುತ್ತಿದ್ದುದರಿಂದ ಆ ತರಗತಿಗಳಲ್ಲಿ ಅವರಿಗೆ ಹುಡುಗರಿಗಿಂತ ಹೆಚ್ಚು ಹಣ ನಿಗದಿಯಾಗಿತ್ತು.

ಫಲಿತಾಂಶವನ್ನು ಅಳೆಯಲು 506 ಹಳ್ಳಿಗಳನ್ನು ಆರಿಸಲಾಯಿತು. 320 ಹಳ್ಳಿಗಳಿಗೆ ಮೊದಲು ಹಣ, ಉಳಿದ 186ಕ್ಕೆ ಸ್ವಲ್ಪ ಸಮಯದ ನಂತರ. ಎರಡನ್ನೂ ಹೋಲಿಸಿದಾಗ ಪ್ರೌಢಶಾಲೆ ಸೇರುವವರ ಸಂಖ್ಯೆ, ಅದರಲ್ಲೂ ಹುಡುಗಿಯರದ್ದು, ಹೆಚ್ಚಿದ್ದು ಕಂಡುಬಂತು. ಮತ್ತೊಂದು ಅಧ್ಯಯನದ ಪ್ರಕಾರ ಕುಟುಂಬಗಳು ಬಂದ ಹಣದ ಸುಮಾರು ಮುಕ್ಕಾಲು ಭಾಗವನ್ನು ಊಟ, ಬಟ್ಟೆಗಳಂಥ ಖರ್ಚಿಗೂ ಉಳಿದ ಕಾಲು ಭಾಗವನ್ನು ಆಡು, ಕೋಳಿ, ಬೇಸಾಯ, ಸಣ್ಣ ವ್ಯಾಪಾರಗಳಿಗೂ ಹಾಕಿದ್ದವು. ಬಡವರಿಗೆ ಹಣ ನಿಭಾಯಿಸಲು ಬರುವುದಿಲ್ಲ ಎಂಬ ನಮ್ಮ ಅನುಮಾನಕ್ಕೆ ಇದೊಂದು ಉತ್ತರ. ಆದರೂ ಷರತ್ತುಗಳನ್ನು ಪೂರೈಸಲು ಓಡಾಡುವ ಹೊರೆಯೆಲ್ಲ ತಾಯಂದಿರ ಮೇಲೇ ಬಿತ್ತೆಂಬ ಟೀಕೆಯೂ ಇದೆ. ಸರಕಾರಗಳು ಬದಲಾದವು, ಯೋಜನೆಯ ಹೆಸರು ಎರಡು ಬಾರಿ ಬದಲಾಯಿತು. 2019ರಲ್ಲಿ ಅದು ಕೊನೆಗೊಂಡಿತು.

ಮಧ್ಯಪ್ರದೇಶದಿಂದ ಕರ್ನಾಟಕಕ್ಕೆ

ನಮ್ಮ ದೇಶದಲ್ಲೂ 2011ರಲ್ಲಿ ಇಂಥದೊಂದು ಪ್ರಯೋಗ ನಡೆಯಿತು. ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ 'ಸೇವಾ', ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ ಕೆಲವು ಹಳ್ಳಿಗಳ ಎಲ್ಲ ಮನೆಗಳಿಗೂ ಯಾವ ಷರತ್ತೂ ಇಲ್ಲದೆ ಪ್ರತಿ ತಿಂಗಳು ಹಣ ಕೊಟ್ಟಿತು. ದೊಡ್ಡವರಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ. ಮುಂದೆ ಅದು 300 ಮತ್ತು 150 ಆಯಿತು. ಮಕ್ಕಳ ಪಾಲು ತಾಯಿಯ ಕೈಗೆ. ಗಂಡ, ಹೆಂಡತಿ, ಮೂರು ಮಕ್ಕಳ ಮನೆಗೆ ಮೊದಲು ಬಂದದ್ದು ತಿಂಗಳಿಗೆ 700 ರೂಪಾಯಿ.

ಆ ಸಣ್ಣ ಮೊತ್ತದಿಂದ ಯಾರೂ ದುಡಿಮೆ ಬಿಟ್ಟು ಕೂರಲಿಲ್ಲ. ಬದಲಿಗೆ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಸಣ್ಣ ರೈತರು ಬಿತ್ತನೆ ಬೀಜ, ಗೊಬ್ಬರ ಕೊಂಡು ತಮ್ಮ ಹೊಲದಲ್ಲೇ ಹೆಚ್ಚು ದುಡಿದರು. ಆಡುಗಳು ಹೆಚ್ಚಿದವು. ಮಕ್ಕಳ, ವಿಶೇಷವಾಗಿ ಹೆಣ್ಣು ಮಕ್ಕಳ ತೂಕ ಸುಧಾರಿಸಿತು. ಮದ್ಯದ ಖರ್ಚು ಹೆಚ್ಚಲಿಲ್ಲ. ಬಡ್ಡಿಗೆ ಸಾಲ ಕೊಡುವವನ ಬಾಗಿಲಿಗೆ ಹೋಗುವುದು ಕಡಿಮೆಯಾಯಿತು. ಪ್ರತಿ ತಿಂಗಳು ಬಂದೇ ಬರುತ್ತದೆ ಎಂಬ ಭರವಸೆ ಇದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತು.

ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದೇ ವರ್ಷ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗದೆ ಹೋದಾಗ ಸರಕಾರ ಕೆ.ಜಿ.ಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ನಮ್ಮ ಹಳ್ಳಿಗಳ ಎಷ್ಟೋ ಹೆಂಗಸರ ಪಾಸ್‌ಬುಕ್‌ನಲ್ಲಿ ಹೀಗೆ ಅವರದೇ ಹೆಸರಿನ ಹಣ ಕಾಣಿಸಿಕೊಂಡಿತು. ಆದರೆ ಆಧಾರ್‌ನಲ್ಲೊಂದು, ಪಡಿತರ ಚೀಟಿಯಲ್ಲಿನ್ನೊಂದು ರೀತಿಯಲ್ಲಿ ಹೆಸರು ಬರೆಯಲ್ಪಟ್ಟವರು, ಖಾತೆ ಜೋಡಣೆಯಾಗದ ವೃದ್ಧೆಯರು ಹೊರಗುಳಿಯುವುದುಂಟು. ಕಂತು ತಡವಾದರೆ ಲೆಕ್ಕ ಹಾಕಿಟ್ಟ ಮನೆ ಮತ್ತೆ ಸಾಲಕ್ಕೆ ಕೈಚಾಚುತ್ತದೆ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತಿಗೆ ಹೆದರಿ ಬದುಕುವ ಆ ಮನೆಗಳಲ್ಲಿ ನಮ್ಮ ಮಹಲ್ಲಾದವೂ ಇವೆ.

ನಮ್ಮ ಮುಂದಿರುವ ಕೆಲಸ

ಈ ಇತಿಹಾಸದಿಂದ ನಮ್ಮ ಝಕಾತ್ ಸಮಿತಿಗಳು ಕಲಿಯಬೇಕಾದದ್ದು ಬಹಳವಿದೆ. ಪ್ರತಿ ಮಹಲ್ಲಾದಲ್ಲೂ ಬಡ ಕುಟುಂಬಗಳ ಒಂದು ದಫ್ತರವಿರಲಿ. ಅದು ಗುಟ್ಟಾಗಿರಲಿ, ವರ್ಷವೂ ತಿದ್ದಲ್ಪಡಲಿ, ಸಮಿತಿಯವರ ಬಂಧುಗಳಿಂದ ಶುರುವಾಗದಿರಲಿ. ನೂರು ಮನೆಗೆ ಚೂರುಚೂರಾಗಿ ಹಂಚುವ ಬದಲು ಕೆಲವು ಮನೆಗಳನ್ನಾದರೂ ಸಾಲದಿಂದ ಪೂರ್ತಿ ಬಿಡಿಸಲು, ಹೊಲಿಗೆ ಯಂತ್ರಕ್ಕೆ, ತರಕಾರಿ ಗಾಡಿಗೆ ಸಾಕಾಗುವಷ್ಟು ಕೊಡೋಣ. ದುಡಿಯಲಾರದ ವಿಧವೆಗೆ, ರೋಗಿಗೆ ಸಾಧ್ಯವಾದರೆ ತಿಂಗಳು ತಿಂಗಳು ನಿಗದಿತ ದಿನ ತಲುಪಿಸೋಣ. ತಾಯಿಯ ಹಣ ತಾಯಿಯ ಕೈಗೇ ಹೋಗಲಿ, ಖಾತೆ ಇಲ್ಲದವರಿಗೆ ಖಾತೆ ತೆರೆಸಲು, ಕಾಗದ ಸರಿಪಡಿಸಲು ಓದಿದ ನಮ್ಮ ಮಕ್ಕಳು ಜೊತೆಗೆ ಹೋಗಲಿ. ನೆರೆಯೋ ಬರವೋ ಬಂದು ಅಂಗಡಿಗಳೇ ಮುಚ್ಚಿದಾಗ ಕಿಟ್ ಕೊಡೋಣ. ಉಳಿದ ದಿನಗಳಲ್ಲಿ ಆಯ್ಕೆಯನ್ನು ಆ ಮನೆಯವರಿಗೇ ಬಿಡೋಣ. ಕ್ಯಾಮೆರಾ ಮಾತ್ರ ಯಾವಾಗಲೂ ಹೊರಗಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಝಕಾತ್ ನಮ್ಮ ಸೊತ್ತಲ್ಲ. ಅದು ನಮ್ಮ ಸಂಪತ್ತಿನೊಳಗೆ ಅಲ್ಲಾಹನು ಬಡವರಿಗಾಗಿ ಇಟ್ಟ ಹಕ್ಕು. ಹಕ್ಕುದಾರನಿಗೆ ಅವನ ಹಕ್ಕನ್ನು ಒಪ್ಪಿಸುವಾಗ ಅನುಮಾನದ ಕಣ್ಣಿಗೆ, ಎತ್ತರದ ದನಿಗೆ ಅಲ್ಲಿ ಜಾಗವಿಲ್ಲ. ಅಂದು ಖಲೀಫಾರೇ ದಫ್ತರ ಹಿಡಿದು ಹಳ್ಳಿಗೆ ನಡೆದರು. ನಾವು ನಮ್ಮದೇ ಓಣಿಯ ಕೊನೆಯ ಮನೆಯವರೆಗೆ ನಡೆಯಲಾರೆವೇ? ಅಲ್ಲಾಹನು ನಮಗೆ ಅದಕ್ಕೆ ತೌಫೀಕ್ ನೀಡಲಿ. ಆಮೀನ್.